ಬೇರೆ ಕೈಯ ರೊಟ್ಟಿ

ಕಬ್ಬು ಕಡಿದ ಹೊಲದಲ್ಲಿ ರವದಿಗೆ ಬೆಂಕಿ ಹಚ್ಚಿದ ವಾಸನೆ ಬಂದರೆ ಈಗಲೂ ನನ್ನ ಬಲಗೈ ತಾನಾಗಿಯೇ ಮುಷ್ಟಿ ಕಟ್ಟುತ್ತದೆ. ಮೊನ್ನೆ ಲೋಕಾಪುರದಿಂದ ಬಸ್ಸಿನಲ್ಲಿ ಬರುವಾಗಲೂ ಹಾಗೆಯೇ ಆಯಿತು. ರಸ್ತೆ ಪಕ್ಕದ ಹೊಲದಲ್ಲಿ ಕಬ್ಬಿನ ಒಣ ಎಲೆ ಉರಿಯುತ್ತಿತ್ತು, ಹೊಗೆ ಕಿಟಕಿಯಿಂದ ಒಳಗೆ ನುಗ್ಗಿತು. ಪಕ್ಕದಲ್ಲಿ ಕೂತಿದ್ದ ನನ್ನ ಹೆಂಡತಿ ಕಸ್ತೂರಿ ನನ್ನ ಕೈ ನೋಡಿ, "ಮತ್ತ ನೆನಪಾತೇನು?" ಎಂದಳು. ಅವಳು ಕಿಟಕಿಯ ಗಾಜು ಸರಿಸಿ, ನನ್ನ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ, ಕೈಯನ್ನು ತನ್ನ ತೊಡೆಯ ಮೇಲಿಟ್ಟುಕೊಂಡು ಕೂತಳು.

ಮುಧೋಳದಲ್ಲಿ ನನ್ನದೊಂದು ಮೋಟರ್ ರಿವೈಂಡಿಂಗ್ ಅಂಗಡಿ ಇತ್ತು. ಸುಟ್ಟುಹೋದ ಪಂಪ್‌ಸೆಟ್ಟುಗಳಿಗೆ ಹೊಸ ತಂತಿ ಸುತ್ತಿಕೊಡುವುದು ಹೊಟ್ಟೆಪಾಡು. ಆದರೆ ಆ ಕಸುಬಿನಿಂದ ನನ್ನನ್ನು ಗುರುತಿಸಿದವರು ಕಡಿಮೆ. ನಾಯಿ ಈರಪ್ಪ ಅಂದರೆ ಬಸ್‌ಸ್ಟ್ಯಾಂಡಿನಲ್ಲೇ ಮನೆಯ ದಾರಿ ತೋರಿಸುತ್ತಿದ್ದರು. ಹೊರಗಿನವರು ಮುಧೋಳ ಹೌಂಡ್ ಎನ್ನುವ, ನಾವು ಸುಮ್ಮನೆ ಬೇಟೆ ನಾಯಿ ಎನ್ನುವ ಆ ಜಾತಿ ನಮ್ಮ ಮನೆಯಲ್ಲಿ ಅಜ್ಜನ ಕಾಲದಿಂದ ಇತ್ತು. ಒಂದು ಹೋದರೆ ಅದರ ಮರಿ, ಅದು ಹೋದರೆ ಅದರ ಮರಿ. ಬೇಟೆ ಎಂದೋ ನಿಂತಿದೆ, ಕಾಯ್ದೆ ಬಂದಿದೆ. ಓಟ ಮಾತ್ರ ಅವುಗಳ ರಕ್ತದಲ್ಲಿ ಉಳಿದಿದೆ. ಜೊತೆಗೆ ಒಂದು ಬಿಗುಮಾನವೂ ಉಳಿದಿದೆ. ಪರರು ಮೈ ಮುಟ್ಟಿದರೆ ಅವು ಸಹಿಸುವುದಿಲ್ಲ. ಪರರ ಕೈಯ ರೊಟ್ಟಿಗೆ ಮೂಗು ತಾಗಿಸುವುದೂ ಇಲ್ಲ. ಮನೆಗೆ ಬಂದವರ ಕೈಗೆ ರೊಟ್ಟಿ ಕೊಟ್ಟು, "ಹಾಕ್ರಿ, ನೋಡೂಣು" ಎನ್ನುವುದು ನನಗೊಂದು ಚಟವಾಗಿತ್ತು. ನಾಯಿ ಮುಖ ತಿರುಗಿಸಿದ ಕೂಡಲೇ ನಾನು ಮೀಸೆ ತಿರುವುತ್ತಿದ್ದೆ.

ತೇಜಿ ಆ ಸಾಲಿನ ಕೊನೆಯವಳು. ಜೋಳದ ಹಿಟ್ಟಿನ ಬಣ್ಣ, ಹಣೆಯ ಮೇಲೆ ಸಣ್ಣದೊಂದು ಕಂದು ಮಚ್ಚೆ. ಸೊಂಟ ಎಷ್ಟು ತೆಳುವೆಂದರೆ, ಹೊಸದಾಗಿ ನೋಡಿದವರು ನಾಯಿಗೆ ಊಟ ಹಾಕುವುದಿಲ್ಲವೇ ಎಂದು ಕಸ್ತೂರಿಯನ್ನು ಕೇಳಿ ಬೈಸಿಕೊಳ್ಳುತ್ತಿದ್ದರು. ಓಡಲು ಬಿಟ್ಟರೆ ಅವಳ ನಾಲ್ಕೂ ಕಾಲು ಒಮ್ಮೆಲೇ ನೆಲ ಬಿಡುತ್ತಿದ್ದವು. ಓಡಿ ಓಡಿ ಸಾಕಾಗಿ ಬಂದು ನನ್ನ ಮೊಣಕಾಲಿಗೆ ತಲೆ ಒತ್ತಿ ನಿಲ್ಲುತ್ತಿದ್ದಳು. ಅವಳು ತೋರುತ್ತಿದ್ದ ಪ್ರೀತಿ ಅಷ್ಟೇ. ನನಗೆ ಅಷ್ಟು ಸಾಕಾಗಿತ್ತು.

ಆ ವರ್ಷ ದೀಪಾವಳಿ ಮುಗಿದು ಕಬ್ಬಿನ ಹಂಗಾಮು ಶುರುವಾಗಿತ್ತು. ರಸ್ತೆಯ ತುಂಬ ಟ್ರ್ಯಾಕ್ಟರುಗಳು, ಹೊಲದಲ್ಲಿ ಕಡಿಯುವವರ ಗುಡಿಸಲುಗಳು, ಬೆಳಗಿನ ಚಳಿಯಲ್ಲಿ ಅವರ ಒಲೆಯ ಹೊಗೆ. ನಾನು ಎಂದಿನಂತೆ ತೇಜಿಯನ್ನು ಹಗ್ಗ ಹಿಡಿದು ಹೊಲದ ಕಡೆ ಕರೆದೊಯ್ಯುತ್ತಿದ್ದೆ. ಹಗ್ಗವನ್ನು ಎಂದೂ ಕೈಗೆ ಸುತ್ತಿಕೊಳ್ಳಬಾರದು, ನಾಯಿ ಜಿಗಿದರೆ ಬಿಟ್ಟುಬಿಡಲು ಬರಬೇಕು. ನನ್ನಿಂದ ಮರಿ ಒಯ್ದವರಿಗೆಲ್ಲ ನಾನು ಮೊದಲು ಹೇಳುತ್ತಿದ್ದ ಮಾತು ಅದೇ. ಆದರೆ ಆಗ ನನ್ನ ಬೆರಳುಗಳ ಹಿಡಿತ ಸಡಿಲವಾಗಿತ್ತು. ಅಂಗಡಿಯಲ್ಲಿ ತಂತಿ ಕೈಯಿಂದ ಜಾರುತ್ತಿತ್ತು. ಹಗ್ಗವೂ ಜಾರೀತೆಂದು ಬಲ ಮಣಿಕಟ್ಟಿಗೆ ಸುತ್ತಿಕೊಂಡೇ ಹೋಗುತ್ತಿದ್ದೆ.

ಒಂದು ಬೆಳಿಗ್ಗೆ ಪರಿಚಯದವರ ಹೊಲದಲ್ಲಿ ಕಬ್ಬಿನ ಕೊನೆಯ ಪಟ್ಟಿ ಕಡಿಯುತ್ತಿದ್ದರು. ಆಚೆ ಮಡಿಯಲ್ಲಿ ರವದಿ ಸುಡುತ್ತಿತ್ತು. ಕಬ್ಬಿನೊಳಗಿಂದ ಒಂದು ಮೊಲ ಹಾರಿ ಬಯಲಿಗೆ ಬಿತ್ತು. ತೇಜಿ ಜಿಗಿದಳು. ಮುಂದಿನದು ನನಗೆ ಸರಿಯಾಗಿ ನೆನಪಿಲ್ಲ. ಒಡ್ಡಿನ ಕಲ್ಲಿಗೆ ಟೊಂಕ ಬಡಿದದ್ದು, ಬಾಯಿಯೊಳಗೆ ಮಣ್ಣು ಹೋದದ್ದು ನೆನಪಿದೆ. ತೇಜಿ ಮೊಲವನ್ನು ಬಿಟ್ಟು ತಿರುಗಿ ಬಂದು ನನ್ನ ಮೈಮೇಲೆ ಅಡ್ಡ ನಿಂತಿದ್ದಳು. ಎತ್ತಲು ಓಡಿಬಂದ ಕಡಿಯುವವರನ್ನು ಹತ್ತಿರ ಬಿಡಲೊಲ್ಲಳು. ಬಿದ್ದಲ್ಲಿಂದಲೇ ನಾನು ಅವಳ ಕುತ್ತಿಗೆ ಹಿಡಿದುಕೊಂಡ ಮೇಲೆ ಅವರು ನನ್ನನ್ನು ಎತ್ತಿ ಟೆಂಪೋದಲ್ಲಿ ಮಲಗಿಸಿದರು.

ಬಾಗಲಕೋಟೆಯಲ್ಲಿ ಆಪರೇಶನ್ ಆಯಿತು, ಟೊಂಕದೊಳಗೆ ರಾಡು ಹಾಕಿದರು. ಕಸ್ತೂರಿ ನನ್ನ ಹತ್ತಿರ ಉಳಿದಳು. ಬೀಳಗಿಯಲ್ಲಿರುವ ಮಗಳು ಸುನಂದಾ ನಮ್ಮ ಮನೆಗೆ ಬಂದು ತೇಜಿಯನ್ನು ನೋಡಿಕೊಂಡಳು. ದಿನಾ ಫೋನ್ ಮಾಡುತ್ತಿದ್ದಳು. "ಅಪ್ಪಾ, ನಾ ಹಾಕಿದ್ದು ಅರ್ಧಾನೂ ಉಣವಲ್ದು. ನನ್ನ ಕೈಯಾಗ ಬೆಳದದ್ದು, ನನಗ ಹಿಂಗ ಮಾಡತೈತಿ ನೋಡು" ಎಂದು ಬೇಸರ ಮಾಡಿಕೊಂಡಳು. ಹಾಸಿಗೆಯಲ್ಲಿ ಅಂಗಾತ ಬಿದ್ದಿದ್ದ ನನಗೆ ಆ ಸುದ್ದಿ ಕೇಳಿ ಒಳಗೊಳಗೆ ಖುಷಿಯಾಯಿತು. ಪಕ್ಕದ ಹಾಸಿಗೆಯವರಿಗೂ ಅದನ್ನು ಹೇಳಿದೆ.

ಮನೆಗೆ ಬಂದ ಮೇಲೆ ಖುಷಿ ಹೋಯಿತು. ನಾನು ವಾಕರ್ ಹಿಡಿದು ಅಂಗಳದ ತನಕ ಬಂದರೆ ಅದೇ ದೊಡ್ಡ ಮಾತು. ತೇಜಿಯನ್ನು ಹಿಡಿದು ನಡೆಸುವ ಶಕ್ತಿ ಕಸ್ತೂರಿಗೂ ಇರಲಿಲ್ಲ. ಅಂಗಳದ ಬೇವಿನ ಮರಕ್ಕೆ ಉದ್ದ ಹಗ್ಗ ಹಾಕಿ ಕಟ್ಟಿದೆವು. ಅವಳು ದಿನವಿಡೀ ಮರ ಸುತ್ತಿ ಸುತ್ತಿ ನೆಲದಲ್ಲಿ ಒಂದು ದಾರಿಯನ್ನೇ ಮಾಡಿದಳು. ಆಮೇಲೆ ಸುತ್ತುವುದನ್ನೂ ಬಿಟ್ಟು ತನ್ನ ಮುಂಗಾಲನ್ನು ತಾನೇ ಕಚ್ಚಿಕೊಂಡು ಹುಣ್ಣು ಮಾಡಿಕೊಂಡಳು. ಅದನ್ನು ನೋಡುತ್ತ ಕೂರುವುದು ನನ್ನಿಂದ ಆಗಲಿಲ್ಲ.

ಕಸ್ತೂರಿ ಆ ಹುಣ್ಣಿಗೆ ಅರಿಶಿನ ಹಚ್ಚುತ್ತ ಹೇಳಿದಳು, "ಇದು ಕಟ್ಟಿ ಹಾಕೂ ಜೀವ ಅಲ್ಲರಿ. ಯಾರರ ಓಡಸವರಿಗೆ ಕೊಡೂಣು. ನಿಮಗ ಬ್ಯಾರೆ ಒಂದು ಸಣ್ಣದು ತರತೇನಿ."

"ಸಣ್ಣದು ತಗೊಂಡು ಏನು ಮಾಡಲಿ? ಕಿಸೆದಾಗ ಇಟ್ಕೊಳ್ಳಲೇನು?"

"ಇಟ್ಕೋರಿ. ಟೊಂಕಾ ಮುರಿಯೂದಿಲ್ಲ ಅದು."

ಸಾವಳಗಿಯ ಶ್ರೀಶೈಲನಿಗೆ ಹೇಳಿ ಕಳಿಸಿದೆ. ಅವನ ತಂದೆ ನಮ್ಮಲ್ಲಿಂದ ಮರಿ ಒಯ್ದವರು. ಶ್ರೀಶೈಲನೂ ನಾಯಿಯ ಜೀವ ಬಲ್ಲವನು, ಸಾಕಿದ್ದನ್ನು ಮುಪ್ಪಿನ ತನಕ ಚೆನ್ನಾಗಿ ನೋಡಿಕೊಂಡಿದ್ದ. ಹೊಳೆಯಾಚೆ ಅವನ ಎರೆ ಹೊಲ ಕಣ್ಣು ಹಾಯುವವರೆಗೆ ಬಯಲು. ಅಲ್ಲಿ ತೇಜಿ ಓಡುವುದನ್ನು ನೆನೆದರೆ ನನಗೇ ಸಮಾಧಾನವಾಗುತ್ತಿತ್ತು. ಅವಳಿಗೆ ಅದಕ್ಕಿಂತ ಒಳ್ಳೆಯ ಮನೆ ಸಿಗುವುದಿಲ್ಲವೆಂದು ಆಗ ಅನಿಸಿತ್ತು, ಈಗಲೂ ಅನಿಸುತ್ತದೆ.

ನಮ್ಮ ಮನೆತನದಲ್ಲಿ, ನಮ್ಮಿಂದ ನಾಯಿ ಒಯ್ದ ಮನೆಗಳಲ್ಲಿ ಒಂದು ರಿವಾಜು ನಡೆದು ಬಂದಿತ್ತು. ನಾಯಿ ಕೊಡುವುದು ಅಮವಾಸ್ಯೆಯ ಮರುದಿನ. ಹೆಣ್ಣಾದರೆ ಉಡಿ ತುಂಬಿ ಕಳಿಸಬೇಕು. ಮುಂದಿನ ಅಮವಾಸ್ಯೆ ದಾಟುವ ತನಕ ಕೊಟ್ಟವರು ಅದನ್ನು ನೋಡಲು ಹೋಗಬಾರದು, ವಿಚಾರಿಸಲೂ ಬಾರದು. ಹಳೆಯ ಯಜಮಾನನ ದನಿ ಕೇಳಿದರೆ ನಾಯಿ ಹೊಸ ಕೈಗೆ ಒಗ್ಗುವುದಿಲ್ಲ ಎಂದು ಅಜ್ಜ ಹೇಳುತ್ತಿದ್ದ. ಒಯ್ದವರೂ ಅಷ್ಟೇ, ನಡುವೆ ಬಂದು ದೂರು ಹೇಳುವಂತಿಲ್ಲ. ದೂರು ಹೇಳಿದರೆ ಕೊಟ್ಟ ಜೀವವನ್ನು ತಿರುಗಿ ಒಯ್ಯಿರಿ ಎಂದಂತೆ, ಅದು ಕೊಟ್ಟವನಿಗೆ ಮಾಡಿದ ಅವಮಾನ. ಇದರಿಂದ ಯಾವ ನಾಯಿಗೂ ಕೇಡಾದದ್ದನ್ನು ನಾವು ಕಂಡಿರಲಿಲ್ಲ. ಆದರೆ ಅಲ್ಲಿಯ ತನಕ ಕೊಟ್ಟದ್ದೆಲ್ಲ ಮರಿಗಳನ್ನೇ. ಬೆಳೆದ ನಾಯಿಯನ್ನು ಕೊಟ್ಟದ್ದು ಅದೇ ಮೊದಲು. ಆ ವ್ಯತ್ಯಾಸ ನನಗೂ ಹೊಳೆಯಲಿಲ್ಲ, ಶ್ರೀಶೈಲನಿಗೂ ಹೊಳೆಯಲಿಲ್ಲ.

ಎಳ್ಳಮವಾಸ್ಯೆಯ ಮರುದಿನ ಶ್ರೀಶೈಲ ಜೀಪು ತಂದ. ಕಸ್ತೂರಿ ಹೊಸ ಖಣದ ತುಂಡಿನಲ್ಲಿ ಅಕ್ಕಿ, ಬೆಲ್ಲ, ಕೊಬ್ಬರಿ ಕಟ್ಟಿ ತೇಜಿಯ ಕೊರಳಿಗೆ ಹಾಕಿದಳು, ಹಣೆಯ ಮಚ್ಚೆಯ ಮೇಲೆ ಕುಂಕುಮ ಇಟ್ಟಳು. ಹಿಂದಿನ ದಿನದ ಹಬ್ಬದ ಸಜ್ಜೆ ಕಡುಬನ್ನು ನಾನು ನನ್ನ ಕೈಯಾರೆ ತಿನ್ನಿಸಿದೆ. ತೇಜಿ ಜೀಪು ಹತ್ತಲು ಒಲ್ಲೆನೆಂದಳು. ನಾನು "ಹತ್ತ" ಎಂದೆ. ಹತ್ತಿದಳು. ಅವಳು ನನ್ನ ಮಾತು ಮೀರಿದವಳೇ ಅಲ್ಲ. ಜೀಪು ತಿರುವಿನಲ್ಲಿ ಮರೆಯಾಗುವ ತನಕ ಅವಳು ಹಿಂಬದಿಯ ಹಲಗೆಯ ಮೇಲಿಂದ ಮೂತಿ ಹೊರಗಿಟ್ಟು ನನ್ನನ್ನೇ ನೋಡುತ್ತಿದ್ದಳು. ನಾನು ವಾಕರಿನ ಮೇಲೆ ಭಾರ ಹಾಕಿ, ಗಂಡಸು ಎಂಬುದನ್ನು ಮರೆತು ಅತ್ತೆ.

ಸಂಕ್ರಮಣದ ಹೊತ್ತಿಗೆ ಕಸ್ತೂರಿ ಬನಹಟ್ಟಿಯ ತಂಗಿಯ ಮನೆಗೆ ಹೋಗಿ, ಬರುವಾಗ ಬಾಜಾರದ ಚೀಲದಲ್ಲಿ ಒಂದು ಬಿಳಿ ಪಮೇರಿಯನ್ ತಂದಳು. ಚೀಲದ ಬಾಯಿಂದ ಎರಡು ಕರಿ ಕಣ್ಣು ಕಾಣುತ್ತಿದ್ದವು. ತಂಗಿಯ ಮನೆಗೆ ಹತ್ತಿಕೊಂಡೇ ಪವರ್‌ಲೂಮ್ ಶೆಡ್ಡು. ಅದು ಹುಟ್ಟಿ ಬೆಳೆದದ್ದು ಆ ಮಗ್ಗಗಳ ಸದ್ದಿನಲ್ಲಿ, ನೇಯುವವರು ಚಹಾ ಕುಡಿಯುವಾಗ ಎಸೆಯುತ್ತಿದ್ದ ಬಿಸ್ಕೀಟು ತಿಂದು. ತಂಗಿಯ ಸೊಸೆಗೆ ನಾಯಿಯ ಕೂದಲು ಆಗಿಬರದೆಂದು ಕೊಟ್ಟುಬಿಟ್ಟಿದ್ದರು. ಹೆಸರು ಸ್ವೀಟಿ.

"ಇದು ನಾಯಿಯೇನ?" ಎಂದೆ.

"ಬೊಗಳತೈತಿ. ಮತ್ತೇನು ಬೇಕು ನಿಮಗ?" ಎಂದಳು ಕಸ್ತೂರಿ.

ಸ್ವೀಟಿ ಬಂದ ದಿನವೇ ಮನೆಯೆಲ್ಲ ತನ್ನದೆಂಬಂತೆ ಓಡಾಡಿತು. ನಿಶ್ಶಬ್ದದಲ್ಲಿ ಮಾತ್ರ ಅದಕ್ಕೆ ನಿದ್ದೆ ಬರುತ್ತಿರಲಿಲ್ಲ. ಎದುರು ಮನೆಯ ಶಾಂತವ್ವ ಹಿಟ್ಟಿನ ಗಿರಣಿ ಇಟ್ಟಿದ್ದಾಳೆ. ಗಿರಣಿ ಗಡಗಡ ಎಂದ ಕೂಡಲೇ ಸ್ವೀಟಿ ಕಾಲು ಚಾಚಿ ಮಲಗುತ್ತಿತ್ತು, ನಿಂತರೆ ಎದ್ದು ಕೂರುತ್ತಿತ್ತು. ಎಲ್ಲರೂ ನಕ್ಕರು, ನಾನು ನಗಲಿಲ್ಲ. ಅದು ಶಾಂತವ್ವನ ಕೈಯಿಂದ ತಿಂದಿತು, ಹಾಲಿನವಳ ಕೈಯಿಂದ ತಿಂದಿತು, ಮೀಟರ್ ನೋಡಲು ಬಂದವನ ಕೈಯಿಂದಲೂ ತಿಂದು ಅವನ ಬೂಟು ನೆಕ್ಕಿತು. ನನಗೆ ಹೇಸಿಗೆಯಾಯಿತು. ಮಾನಮರ್ಯಾದೆ ಇಲ್ಲದ ಜೀವ ಎಂದು ಬೈದೆ. ಹೆಸರು ಹಿಡಿದು ಕರೆಯಲು ನಾಚಿಕೆಯಾಗಿ "ಏ" ಎನ್ನುತ್ತಿದ್ದೆ. ವಾಕರ್ ಹಿಡಿದು ಬಾಗಿಲಲ್ಲಿ ನಿಂತರೆ ಅದು ನನ್ನ ಕಾಲಡಿ ನಿಲ್ಲುತ್ತಿತ್ತು. ಓಣಿಯವರು, "ಏನ್ರಿ ಈರಪ್ಪಣ್ಣ, ಬ್ಯಾಟಿ ನಾಯಿ ಬಿಟ್ಟು ಈಗ ಮೊಲಾ ಸಾಕೀರೇನು?" ಎಂದು ಕಾಡುತ್ತಿದ್ದರು. ನಾನೂ ನಕ್ಕಂತೆ ಮಾಡಿ ಒಳಗೆ ಬರುತ್ತಿದ್ದೆ.

ನನ್ನ ಮನಸ್ಸೆಲ್ಲ ಹೊಳೆಯಾಚೆ ಇತ್ತು. ತೇಜಿ ಉಂಡಳೋ ಇಲ್ಲವೋ ಎನ್ನುವುದೊಂದೇ ಯೋಚನೆ. ಬೆಳಿಗ್ಗೆ ಕಸ್ತೂರಿ ರೊಟ್ಟಿ ಬಡಿಯುವ ಸದ್ದು ಕೇಳಿದರೆ ಈಗ ಅಲ್ಲಿಯೂ ರೊಟ್ಟಿ ಹಾಕಿರಬೇಕು ಎಂದುಕೊಳ್ಳುತ್ತಿದ್ದೆ. ನನ್ನ ಕೈಯಿಂದಲ್ಲದೆ ತಿನ್ನದ ನಾಯಿಯೆಂದು ಊರೆಲ್ಲ ಹೇಳಿಕೊಂಡು ತಿರುಗಿದವನು ಈಗ ದಿನಾ ದೇವರ ಮುಂದೆ ನಿಂತು, ತಿನ್ನಲಿ, ಬೇರೆ ಕೈಯಿಂದ ತಿನ್ನಲಿ ಎಂದು ಬೇಡಿಕೊಳ್ಳುತ್ತಿದ್ದೆ.

ಸಂಕ್ರಮಣದ ಕುಸರೆಳ್ಳು ಹಂಚಿ ಬಂದ ಕಸ್ತೂರಿ ನನ್ನ ಮುಖ ನೋಡಿ, "ಒಂದು ಫೋನರ ಹಚ್ಚರಿ" ಎಂದಳು.

"ಅಮವಾಸಿ ದಾಟಲಿ."

"ಫೋನಿನಾಗಿನ ದನಿ ನಾಯಿಗೆಲ್ಲಿ ಕೇಳತೈತ್ರಿ?"

"ಕೇಳೂದು ಬಿಡೂದು ಅಲ್ಲ. ಕೊಟ್ಟ ಮ್ಯಾಲೆ ಕೇಳಬಾರದು. ಶ್ರೀಶೈಲ ತಾನಾಗಿ ಮಾಡಿಲ್ಲಂದ್ರ ಎಲ್ಲಾ ಛಲೋ ಐತಿ ಅಂತ ತಿಳಕೋ."

ಅವಳು ಒಳಗೆ ಹೋದಳು. ನನ್ನ ಮಾತಿನಲ್ಲಿ ನನಗೇ ಪೂರ್ತಿ ನಂಬಿಕೆ ಇತ್ತು. ಶ್ರೀಶೈಲ ಸುಮ್ಮನಿದ್ದಾನೆ, ಅಂದರೆ ತೇಜಿ ಉಣ್ಣುತ್ತಿದ್ದಾಳೆ. ದಿನ ಕಳೆದಂತೆ ನನಗೆ ಧೈರ್ಯ ಬಂತು. ಮುಂದೆ ಬರುವ ಅವರಾತ್ರಿ ಅಮವಾಸ್ಯೆ ಮುಗಿದ ಕೂಡಲೇ ಸಾವಳಗಿಗೆ ಹೋಗುವುದೆಂದು ಕಾರು ಗೊತ್ತು ಮಾಡಿದೆ. ಅವಳಿಗೆ ಒಯ್ಯಲು ಸಜ್ಜೆ ಕಡುಬು ಮಾಡೆಂದು ಕಸ್ತೂರಿಗೆ ಹೇಳಿದೆ.

ಅಮವಾಸ್ಯೆಯ ಮರುದಿನ ನಾವು ಹೊರಡುವ ಮೊದಲೇ ಶ್ರೀಶೈಲ ಬಂದ. ಬೈಕನ್ನು ದೂರದಲ್ಲೇ ನಿಲ್ಲಿಸಿ ನಡೆದು ಬಂದ. ಮಣ್ಣು ಕೊಟ್ಟು ಬಂದವರು ಕೂರುವ ಹಾಗೆ ಹೊರಗಿನ ಕಟ್ಟೆಯ ಮೇಲೆ ಕೂತ, ಒಳಗೆ ಬರಲಿಲ್ಲ. ಕಸ್ತೂರಿ ತಂದ ನೀರಿನ ತಂಬಿಗೆ ಮುಟ್ಟಲಿಲ್ಲ. ನನಗೆ ತಿಳಿದುಹೋಯಿತು. ಆದರೂ ಕೇಳಿದೆ, "ತೇಜಿ?"

"ಹೋತ್ರಿ ಅಣ್ಣಾರ. ಮೊನ್ನೆ."

ಅವನೇ ಮುಂದುವರಿಸಿದ. "ಬಂದ ದಿನದಿಂದ ರೊಟ್ಟಿ ಮುಟ್ಟಲಿಲ್ಲರಿ. ಹಾಲಿಟ್ರ ಒಮ್ಮೊಮ್ಮೆ ನಾಲಿಗಿ ಹಚ್ಚತಿತ್ತು. ಬಿಟ್ರ ಓಡಲಿಲ್ಲ, ಹಾದಿ ಕಡೆ ಮಾರಿ ಮಾಡಿ ನಿಲ್ಲತಿತ್ತು. ಜಮಖಂಡಿಯಿಂದ ಡಾಕ್ಟರನ್ನ ಕರಸಿದೆ, ಸಲಾಯಿನ್ ಹಚ್ಚಿಸಿದೆ. ಇಂದ ಉಂಡೀತು, ನಾಳೆ ಉಂಡೀತು ಅಂತ ನೋಡಿದೆ. ನಿಮಗ ಫೋನ್ ಮಾಡಬೇಕಂತ ಕೈಯಾಗ ಹಿಡದು ಹಿಡದು ಇಟ್ಟೆ. ಹೆಂಗ ಮಾಡಲ್ರಿ? ಕೊಟ್ಟದ್ದನ್ನ ತಿರುಗಿ ಒಯ್ರಿ ಅಂದಂಗ ಆಗತೈತಿ ಅಂತ ನಮ್ಮಪ್ಪ ಹೇಳಿದ್ದು ತಲ್ಯಾಗ. ನೀವೂ ಕೇಳಲಿಲ್ಲ."

"ರಿವಾಜ ಅಂತ ನಾ ಕೇಳಲಿಲ್ಲಪ."

"ಗೊತ್ತೈತ್ರಿ. ಕಡೀಕ ರಿವಾಜ ಹಾಳಾಗಿ ಹೋಗಲಿ ಅಂತ ಮೊನ್ನೆ ಜೀಪಿನಾಗ ಹಾಕ್ಕೊಂಡು ನಿಮ್ಮ ಕಡೆನ ಹೊಂಟಿದ್ದೆ. ಹೊಳಿ ದಾಟೂ ಮೊದಲ ಹೋತು. ತಿರುಗಿ ಒಯ್ದು ನಮ್ಮ ಹೊಲದಾಗ ಬನ್ನಿ ಗಿಡದ ಬುಡಕ ಇಟ್ಟೆ."

ಅವನು ಹೆಗಲ ಮೇಲಿನ ಟವೆಲ್ಲಿನಿಂದ ಮುಖ ಮುಚ್ಚಿಕೊಂಡ. ಗಟ್ಟಿಮುಟ್ಟಾದ ಆಳು, ಬಿಕ್ಕಿ ಅಳುತ್ತಿದ್ದ. ಸಿಟ್ಟು ಬರಲೆಂದು ನಾನು ಕಾದೆ. ಬರಲಿಲ್ಲ. ನನ್ನ ಮರ್ಯಾದೆ ಕಾಯಲು ಅವನು ಸುಮ್ಮನಿದ್ದ, ಅವನ ಮರ್ಯಾದೆ ಕಾಯಲು ನಾನು ಸುಮ್ಮನಿದ್ದೆ. ಮಧ್ಯದಲ್ಲಿ ಅವಳು ಹಸಿದು ದಾರಿ ನೋಡುತ್ತ ನಿಂತಿದ್ದಳು. "ನಿಂದೇನೂ ತಪ್ಪಿಲ್ಲ ತಮ್ಮಾ" ಎಂದೆ. ಕಸ್ತೂರಿ ಬಾಗಿಲಿಗೆ ಒರಗಿ ಸೆರಗು ಬಾಯಿಗೆ ಒತ್ತಿಕೊಂಡಿದ್ದಳು. ಅವಳ ಕೈಯಲ್ಲಿ ಕಡುಬಿನ ಡಬ್ಬಿ ಇತ್ತು.

ಅವನು ಹೋದ ಮೇಲೆ ಕಸ್ತೂರಿ ತಾಟು ಹಾಕಿ ನನ್ನನ್ನು ಕರೆದಳು. ಕುರ್ಚಿಯ ಮುಂದಿನ ಸ್ಟೂಲಿನ ಮೇಲೆ ರೊಟ್ಟಿ, ಪಲ್ಯ ಇಟ್ಟಳು. ನಾನು ಕೈ ತೊಳೆದು ಕೂತೆ, ಉಣ್ಣಲಿಲ್ಲ. ಎಷ್ಟು ಹೊತ್ತು ಹಾಗೆ ಕೂತಿದ್ದೆನೋ. ಸ್ವೀಟಿ ಬಂದು ಎರಡು ಮುಂಗಾಲನ್ನು ಸ್ಟೂಲಿನ ಅಂಚಿಗಿಟ್ಟು ನಿಂತಿತು. ತಾಟಿನ ರೊಟ್ಟಿಯನ್ನು ಒಮ್ಮೆ, ನನ್ನನ್ನು ಒಮ್ಮೆ ನೋಡಿತು. ನಾನು ಗದರಿಸುವುದಿಲ್ಲವೆಂದು ಖಾತ್ರಿಯಾದ ಮೇಲೆ ರೊಟ್ಟಿಯ ಚೂರು ಕಿತ್ತು ತಿಂದಿತು. ಮತ್ತೊಂದು ಚೂರು ಕಿತ್ತಿತು. ಇಷ್ಟು ದಿನ ಹೇಸಿಗೆ ಹುಟ್ಟಿಸಿದ್ದ ಅದರ ಆ ತಿನ್ನುವಿಕೆಯನ್ನು ನಾನು ಕಣ್ಣು ಕೀಲಿಸಿ ನೋಡಿದೆ. ಉಳಿದ ರೊಟ್ಟಿಯನ್ನು ಮುರಿದು ಕೈಯಲ್ಲಿ ಹಿಡಿದೆ. ಅದು ಒಂದು ಚೂರನ್ನೂ ಬಿಡದೆ ತಿಂದು, ಬೆರಳು ನೆಕ್ಕಿ, ಗಿರಣಿಯ ಸದ್ದು ಕೇಳಿ ನನ್ನ ಪಾದದ ಮೇಲೆಯೇ ಮಲಗಿಬಿಟ್ಟಿತು.

ಆಮೇಲೆ ನಾನು ಬೇಟೆ ನಾಯಿ ಸಾಕಲಿಲ್ಲ. ಕೇಳಿದವರಿಗೆ ಟೊಂಕದ ನೆಪ ಹೇಳುತ್ತೇನೆ. ವಾಕರ್ ಬಿಟ್ಟು ಕೋಲು ಹಿಡಿದ ಮೇಲೆ ಸ್ವೀಟಿಯನ್ನು ಓಣಿಯಲ್ಲಿ ತಿರುಗಾಡಿಸತೊಡಗಿದೆ. ಎದುರು ಬಂದವರ ಕೈಗೆಲ್ಲ ಬಿಸ್ಕೀಟಿನ ತುಂಡು ಕೊಟ್ಟು, "ಹಾಕ್ರಿ, ತಿಂತೈತಿ" ಎನ್ನುತ್ತಿದ್ದೆ. ವಾರದಲ್ಲೊಮ್ಮೆ ಅದರ ಊಟದ ತಟ್ಟೆಯನ್ನು ಶಾಂತವ್ವನ ಮನೆಯಲ್ಲಿ ಇಡಿಸುತ್ತಿದ್ದೆ. ಕಸ್ತೂರಿಗೆ ಇದು ಸರಿಬೀಳಲಿಲ್ಲ.

"ನಮ್ಮ ನಾಯಿ ನಮ್ಮ ಮನ್ಯಾಗ ಉಣ್ಣಲಿ. ಊರ ಮಂದಿ ಕೈಯಾಗ ಯಾಕ ಉಣಸ್ತೀರಿ?" ಎಂದು ಒಂದು ದಿನ ಕೇಳಿದಳು.

"ನಾ ಹೋದ ಮ್ಯಾಲೂ ಅದು ಉಣ್ಣಬೇಕಲ್ಲ" ಎಂದೆ.

ಮುಂದಿನ ವಾರ ಅವಳೇ ಆ ತಟ್ಟೆಯನ್ನು ಶಾಂತವ್ವನ ಮನೆಗೆ ಒಯ್ದಳು.

ಹೋದ ಮಳೆಗಾಲದಲ್ಲಿ ಟೊಂಕದೊಳಗಿನ ರಾಡು ಸಡಿಲಾಗಿ ಮತ್ತೆ ಆಪರೇಶನ್ ಆಗಬೇಕಾಯಿತು. ವಯಸ್ಸಾಗಿದೆ, ಸಕ್ಕರೆ ಇದೆ, ಏನೂ ಹೇಳಲು ಬರುವುದಿಲ್ಲ ಎಂದು ಡಾಕ್ಟರರು ಮೊದಲೇ ಎಚ್ಚರಿಸಿದ್ದರು. ಸ್ವೀಟಿಯನ್ನು ಶಾಂತವ್ವನಿಗೆ ಒಪ್ಪಿಸಿ ಬಾಗಲಕೋಟೆಗೆ ಹೋದೆವು. ಮನೆ ಬಿಡುವಾಗ ಅದು ಗಿರಣಿಯ ಹೊಸ್ತಿಲಲ್ಲಿ ಕೂತು ಬಾಲ ಆಡಿಸುತ್ತಿತ್ತು. ಆಪರೇಶನ್ನಿನ ಹಿಂದಿನ ಸಂಜೆ, ಕಸ್ತೂರಿ ಚಹಾ ತರಲು ಹೋದಾಗ ನಾನು ಶಾಂತವ್ವನಿಗೆ ಫೋನ್ ಮಾಡಿದೆ.

"ಉಂಡಿತೇನ ಬೇ?"

"ಉಂಡೇತಿ ಕಾಕಾರ. ಅನ್ನ ಹಾಲು ಹಾಕಿದ್ದೆ. ಉಂಡು ಮತ್ತ ಕೇಳತು."

"ನಮ್ಮ ಬಾಗಲಾ ಕಡೆ ನೋಡಿತೇನು?"

ಶಾಂತವ್ವ ಸುಳ್ಳು ಹೇಳುವ ಹೆಂಗಸಲ್ಲ. "ಖರೆ ಹೇಳಲ್ರಿ? ಒಮ್ಮೆನೂ ನೋಡಲಿಲ್ಲ. ಹೊಟ್ಟಿ ತುಂಬಿ ಗಿರಣಿ ಬಾಜೂಕ ಮಲಗೇತಿ. ಬ್ಯಾಸರ ಮಾಡ್ಕೋಬ್ಯಾಡ್ರಿ ಮತ್ತ."

"ಇಲ್ಲ ಬೇ" ಎಂದೆ. "ಛಲೋ ಆತು. ನಾಳೆನೂ ಹಾಕು."

ಫೋನ್ ಇಟ್ಟೆ. ಕಸ್ತೂರಿ ಚಹಾ ಹಿಡಿದು ಬಂದಳು. ನನ್ನ ಕಣ್ಣು ನೋಡಿ ಗಾಬರಿಯಾಗಿ, "ಯಾಕ್ರಿ, ಏನಾತು?" ಎಂದಳು.

"ಏನಿಲ್ಲ" ಎಂದೆ. "ಸ್ವೀಟಿ ಉಂಡತಂತ."